ಗ್ಲವ್‌ಬಾಕ್ಸ್ ಮುಚ್ಚಳ ಎಲ್ಲಿ ಹೋಯ್ತು?

ಕಾರ್ ಕಥೆ, ಭಾಗ 7. ಉದ್ದ ಇದೆ, ಬಸ್ಸಲ್ಲಿ ಕೂತಾಗ ಓದಿ.

ಮೊದಲ ಫೋಟೋ ನೋಡಿದ್ರಲ್ಲ? ಬಿಳಿ ಪೋರ್ಷೆ, ಬಾಗಿಲ ಕೆಳಗೆ ಉದ್ದಕ್ಕೂ ‘ಕರೇರಾ’ ಅಂತ ಬಣ್ಣದ ಅಕ್ಷರ, ಅದೇ ಬಣ್ಣದ ವೀಲು, ಹಿಂದೆ ಬಾತುಕೋಳಿ ಬಾಲದ ಥರ ಎದ್ದು ನಿಂತಿರೋ ಸ್ಪಾಯ್ಲರ್. 911 ಕರೇರಾ ಆರ್‌ಎಸ್ 2.7, 1973ರ ಮಾಡೆಲ್. ಸ್ವೈಪ್ ಮಾಡಿದ್ರೆ ಎರಡನೇ ಫೋಟೋದಲ್ಲಿ ಒಳಗಿನ ಡ್ಯಾಶ್‌ಬೋರ್ಡ್. ಅಲ್ಲಿ ಗಡಿಯಾರ ಇರಬೇಕಾದ ಜಾಗದಲ್ಲಿ ಬರೀ ಒಂದು ಕಪ್ಪು ಬಿಲ್ಲೆ. ಗ್ಲವ್‌ಬಾಕ್ಸ್‌ಗೆ ಮುಚ್ಚಳ ಇಲ್ಲ. ಹಿಂದಿನ ಸೀಟು ಇಲ್ಲ. ಬಾಗಿಲು ಎಳ್ಕೊಳ್ಳೋಕೆ ಹ್ಯಾಂಡಲ್ ಬದಲು ಒಂದು ಪಟ್ಟಿ.

ನೋಡಿದವರು ‘ಪಾಪ, ಯಾರೋ ಎಲ್ಲಾ ಬಿಚ್ಕೊಂಡು ಹೋಗಿದಾರೆ’ ಅನ್ಕೋಬಹುದು. ಆದ್ರೆ ಕೋಟಿಗಳ ವ್ಯತ್ಯಾಸ ಇರೋದೇ ಆ ಪ್ರಶ್ನೆಯಲ್ಲಿ. ಆ ಮುಚ್ಚಳ ಕಾರ್ಖಾನೆಯಲ್ಲೇ ಹಾಕಿರಲಿಲ್ವಾ, ಇಲ್ಲಾ ಆಮೇಲೆ ಯಾರೋ ಬೇಕಂತಲೇ ಕಿತ್ರಾ?

ಸ್ವಲ್ಪ ಹಿಂದಕ್ಕೆ ಹೋಗೋಣ. ಪೋರ್ಷೆಗೆ ಗ್ರೂಪ್ 4 ರೇಸಿಗೆ ಇಳಿಯೋ ಆಸೆ ಇತ್ತು. ಅದಕ್ಕೆ ಕನಿಷ್ಠ 500 ಕಾರು ಮಾಡಲೇಬೇಕು ಅಂತ ನಿಯಮ. ಇಷ್ಟು ಒರಟು ಕಾರನ್ನ 500 ಜನ ತಗೋತಾರಾ ಅಂತ ಕಂಪನಿಯ ಸೇಲ್ಸ್‌ನವರಿಗೇ ಅನುಮಾನ. 1972ರ ಅಕ್ಟೋಬರಲ್ಲಿ ಪ್ಯಾರಿಸ್ ಮೋಟಾರ್ ಶೋನಲ್ಲಿ ತೋರಿಸಿದ್ರು, ನವೆಂಬರ್ ಮುಗಿಯೋ ಹೊತ್ತಿಗೆ 500 ಕಾರೂ ಖಾಲಿ. ಕೊನೆಗೆ ಒಟ್ಟು 1,580 ಆಯ್ತು. 2,687 ಸಿಸಿ ಇಂಜಿನ್, 210 ಕುದುರೆ ಶಕ್ತಿ.

ಈಗ ನಮ್ಮ ಸಬ್ಜೆಕ್ಟಿಗೆ ಬರ್ತೀನಿ, ಲೆಕ್ಕ. ಕಾರಿನ ಮೂಲ ಬೆಲೆ 34,000 ಜರ್ಮನ್ ಮಾರ್ಕ್. ಅದರ ಮೇಲೆ ಗಿರಾಕಿ ಒಂದು ಪ್ಯಾಕೇಜ್ ಆರಿಸ್ಕೋಬೇಕು. ಎಂ471 ಅಂದ್ರೆ ‘ಸ್ಪೋರ್ಟ್’, ಇವತ್ತು ಎಲ್ಲರೂ ಲೈಟ್‌ವೇಟ್ ಅಂತ ಕರೆಯೋದು ಇದನ್ನೇ; 700 ಮಾರ್ಕ್. ಎಂ472 ಅಂದ್ರೆ ‘ಟೂರಿಂಗ್’, ಗಡಿಯಾರ, ಹಿಂದಿನ ಸೀಟು, ಸರಿಯಾದ ಕಾರ್ಪೆಟ್ಟು ಎಲ್ಲಾ ಇರೋದು, 2,500 ಮಾರ್ಕ್. ಲೈಟ್‌ವೇಟ್ 960 ಕಿಲೋ, ಟೂರಿಂಗ್ 1,075 ಕಿಲೋ. ನೂರು ಕಿಲೋಮೀಟರ್ ವೇಗ ಮುಟ್ಟೋಕೆ ಅದಕ್ಕೆ 5.8 ಸೆಕೆಂಡು, ಇದಕ್ಕೆ 6.3. ತಗೊಂಡವರೆಷ್ಟು? ಟೂರಿಂಗ್ 1,308. ಲೈಟ್‌ವೇಟ್ ಬರೀ 200. ಉಳಿದಿದ್ದರಲ್ಲಿ 55 ಎಂ491 ಅನ್ನೋ ರೇಸ್ ಕಾರುಗಳು, 17 ಯಾವ ಪ್ಯಾಕೇಜೂ ಇಲ್ಲದ ಮೂಲ ಕಾರುಗಳು.

ತಮಾಷೆ ಗಮನಿಸಿದ್ರಾ? ಅವತ್ತು ಟೂರಿಂಗ್‌ಗೆ 1,800 ಮಾರ್ಕ್ ಜಾಸ್ತಿ ಕೊಡಬೇಕಿತ್ತು. ಇವತ್ತು ಲೈಟ್‌ವೇಟೇ ದುಬಾರಿ, ಅದೂ ಬಹಳ ದುಬಾರಿ. ಕಡಿಮೆ ಸಾಮಾನಿರೋ ಕಾರಿಗೆ ಜಾಸ್ತಿ ದುಡ್ಡು! ಮೈಕ್ರೋ ಎಕನಾಮಿಕ್ಸ್ ಪಾಠದಲ್ಲಿ ಮಲಗಿದವರಿಗೆ ಇಲ್ಲಿದೆ ಉದಾಹರಣೆ: 200 ಮಾತ್ರ ಇರೋದಕ್ಕೆ ಸಾವಿರ ಜನ ಕೈ ಚಾಚಿದ್ರೆ ಬೆಲೆ ಎಲ್ಲಿಗೆ ಹೋಗುತ್ತೆ ಅಂತ.

ಮೋಸ ಹುಟ್ಟೋದೂ ಇಲ್ಲೇ. ಕಾರಿಗೆ ಏನನ್ನೋ ಸೇರಿಸಿ ಸುಳ್ಳು ಹೇಳೋದು ಕಷ್ಟ. ಅಪರೂಪದ ಪಾರ್ಟು ಹುಡುಕಬೇಕು, ದುಡ್ಡು ಸುರೀಬೇಕು. ಕಿತ್ತು ಸುಳ್ಳು ಹೇಳೋದಕ್ಕೆ ಸ್ಕ್ರೂಡ್ರೈವರ್ ಸಾಕು. ಟೂರಿಂಗ್ ಕಾರಿನ ಗಡಿಯಾರ ತೆಗಿ, ಹಿಂದಿನ ಸೀಟು ತೆಗಿ, ಗ್ಲವ್‌ಬಾಕ್ಸ್ ಮುಚ್ಚಳ ತೆಗಿ, ರೆಕಾರೋ ಬಕೆಟ್ ಸೀಟು ಕೂರಿಸು. ದೂರದಿಂದ ನೋಡೋನಿಗೆ ಲೈಟ್‌ವೇಟ್. ನಮ್ಮ ಆಡಿಟಿಂಗ್ ಪುಸ್ತಕದಲ್ಲಿ ಇದಕ್ಕೆ ಒಳ್ಳೆ ಹೆಸರಿದೆ, ವಿಂಡೋ ಡ್ರೆಸ್ಸಿಂಗ್. ವ್ಯತ್ಯಾಸ ಏನಂದ್ರೆ ಅಲ್ಲಿ ಬಟ್ಟೆ ತೊಡಿಸ್ತಾರೆ, ಇಲ್ಲಿ ಬಿಚ್ತಾರೆ.

ಹಾಗಾದ್ರೆ ಕಂಡುಹಿಡಿಯೋದು ಹೇಗೆ? ನನ್ನ ಪ್ರಕಾರ ಕಾರಿನ ಹತ್ರ ಹೋಗೋ ಮುಂಚೆ ಕಾಗದ ಕೇಳಬೇಕು. ಪೋರ್ಷೆ ಆಗ ಪ್ರತಿ ಕಾರಿಗೂ ಕಾರ್ಖಾನೆಯಲ್ಲಿ ಒಂದು ಕಾರ್ಡ್ ಇಟ್ಟಿರ್ತಿತ್ತು, ಕಾರ್ಡೆಕ್ಸ್ ಅಂತಾರೆ. ಚಾಸಿಸ್ ನಂಬರ್, ಇಂಜಿನ್ ನಂಬರ್, ಗೇರ್‌ಬಾಕ್ಸ್ ನಂಬರ್, ಬಣ್ಣ, ಯಾವ ಎಂ ನಂಬರಿನ ಆಪ್ಷನ್‌ಗಳು, ಎಲ್ಲಾ ಅದರಲ್ಲಿ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಅದೇ ಒರಿಜಿನಲ್ ವೋಚರ್. ಅದರ ಜೊತೆ ಗ್ರೂಬರ್ ಮತ್ತೆ ಕೊನ್ರಾಡ್ಸ್‌ಹೈಮ್ ಅನ್ನೋ ಇಬ್ಬರು ಸೇರಿ ‘ಕರೇರಾ ಆರ್‌ಎಸ್’ ಅಂತ ಒಂದು ದಪ್ಪ ಪುಸ್ತಕ ಮಾಡಿದಾರೆ, ಆರ್‌ಎಸ್ ಹುಚ್ಚರಿಗೆ ಅದೇ ಪಂಚಾಂಗ. ಕಾರಲ್ಲಿ ಇಲ್ಲದ್ದು ಕಾರ್ಡಲ್ಲಿ ಇದ್ರೆ, ಮಾರೋನಿಗೆ ಕೇಳೋಕೆ ಪ್ರಶ್ನೆ ಸಿಕ್ತು.

ಆಮೇಲೆ ಲೋಹ. ಇಂಜಿನ್ ಮೇಲೆ 911/83 ಅಂತ ಟೈಪ್ ನಂಬರ್ ಇರಬೇಕು, ಗೇರ್‌ಬಾಕ್ಸ್ ಮೇಲೆ 915/08. ಚಾಸಿಸ್ ನಂಬರ್ 911360 ಅಂತ ಶುರು ಆಗಬೇಕು. ಇಲ್ಲಿ ಒಂದು ಮಾತು, ಇಂಜಿನ್ ಬದಲಾಗಿದ್ರೆ ತಕ್ಷಣ ‘ಕಳ್ಳ’ ಅನ್ನಬೇಡಿ. ರೇಸ್ ಮಾಡೋಕೆ ಹುಟ್ಟಿದ ಕಾರು, ರೇಸಲ್ಲಿ ಇಂಜಿನ್ ಸಿಡಿದಿದ್ದರೆ ಅದೂ ಅದರ ಚರಿತ್ರೆಯೇ. ಬದಲಾಗಿದೆ ಅಂತ ಬರೆದಿಟ್ಟಿದ್ರೆ ಸಾಕು.

ನನಗೆ ತುಂಬಾ ಇಷ್ಟ ಆಗೋದು ತೂತುಗಳ ಪರೀಕ್ಷೆ. ಲೈಟ್‌ವೇಟ್ ಕಾರಿನ ಮೂತಿ ಮೇಲಿನ ಪೋರ್ಷೆ ಲಾಂಛನ ಲೋಹದ್ದಲ್ಲ, ಸ್ಟಿಕ್ಕರ್. ಬ್ಯಾಡ್ಜಿನ ಗ್ರಾಂ ತೂಕವನ್ನೂ ಉಳಿಸಿದ್ರು ಪುಣ್ಯಾತ್ಮರು! ಟೂರಿಂಗ್‌ಗೆ ಲೋಹದ ಬ್ಯಾಡ್ಜ್, ಅದನ್ನ ಕೂರಿಸೋಕೆ ಬಾನೆಟ್ಟಲ್ಲಿ ತೂತು ಬೇಕು. ಈಗ ಯಾರೋ ಟೂರಿಂಗನ್ನ ಲೈಟ್‌ವೇಟ್ ಮಾಡ್ತಾನೆ ಅನ್ಕೊಳ್ಳಿ. ಬ್ಯಾಡ್ಜ್ ಕೀಳ್ತಾನೆ, ತೂತು ಮುಚ್ತಾನೆ, ಮೇಲೆ ಪೇಂಟ್, ಅದರ ಮೇಲೆ ಸ್ಟಿಕ್ಕರ್. ಮೇಲಿಂದ ಚಕಾಚಕ್. ಆದ್ರೆ ಬಾನೆಟ್ ಎತ್ತಿ ಒಳಗಿಂದ ಆ ಜಾಗಕ್ಕೆ ಕೈ ಆಡಿಸಿದ್ರೆ ಬೆಸುಗೆ ಹಾಕಿದ ಗುರುತು ಬೆರಳಿಗೆ ಸಿಗಬಹುದು. ಗ್ಲವ್‌ಬಾಕ್ಸಿಗೂ ಇದೇ ಕಥೆ. ಮುಚ್ಚಳ ಯಾವತ್ತೂ ಇರಲಿಲ್ಲ ಅಂದ್ರೆ ಹಿಂಜಿನ ಸ್ಕ್ರೂ ತೂತಿಗೆ ಅಲ್ಲೇನು ಕೆಲಸ?

ವೀಲು ಇನ್ನೂ ಮಜಾ. ಮುಂದೆ 6 ಇಂಚು ಅಗಲ, ಹಿಂದೆ 7 ಇಂಚು, ಫುಕ್ಸ್ ಕಂಪನಿಯವು. ವೀಲಿನ ಒಳಬದಿಯಲ್ಲಿ ತಯಾರಾದ ತಿಂಗಳು, ವರ್ಷದ ಅಚ್ಚು ಇರುತ್ತೆ. 1973ರ ಫೆಬ್ರವರಿಯಲ್ಲಿ ಕಾರ್ಖಾನೆ ಬಿಟ್ಟ ಕಾರಿಗೆ ಅದೇ ವರ್ಷದ ಜುಲೈ ವೀಲು ಇದ್ರೆ ಏನರ್ಥ? ಬಿಲ್ಲಿನ ತಾರೀಖಿಗಿಂತ ಮುಂಚೆನೇ ಪೇಮೆಂಟ್ ತೋರಿಸಿದ ಹಾಗೆ. ಫಸ್ಟ್ ಇಯರ್ ಹುಡುಗನೂ ಕೆಂಪು ಪೆನ್ನಲ್ಲಿ ಗುಂಡು ಸುತ್ತುತ್ತಾನೆ.

ಗಾಜು, ತಗಡಿನ ವಿಷಯ ಇಲ್ಲಿ ಎಳೆಯಲ್ಲ. ಲೈಟ್‌ವೇಟ್‌ನಲ್ಲಿ ಗಾಜು ತೆಳು ಅನ್ನೋದು ನಿಜ, ಆದ್ರೆ ಐವತ್ತು ವರ್ಷದಲ್ಲಿ ಗಾಜು ಒಡೆಯುತ್ತೆ, ಬದಲಾಗುತ್ತೆ. ಅದೊಂದರ ಮೇಲೆ ತೀರ್ಪು ಕೊಡೋಕಾಗಲ್ಲ.

ಈಗ ನನ್ನ ಅಸಲಿ ತಕರಾರು. ಜನ ಟೂರಿಂಗ್ ಕಾರನ್ನ ‘ಎರಡನೇ ದರ್ಜೆ ಆರ್‌ಎಸ್’ ಅನ್ನೋ ಥರ ನೋಡ್ತಾರೆ. ಯಾಕೆ ಮಾರಾಯ್ರೆ? ಅದೇ ಇಂಜಿನ್, ಅದೇ ಬಾತುಕೋಳಿ ಬಾಲ, ಅರ್ಧ ಸೆಕೆಂಡ್ ನಿಧಾನ ಅಷ್ಟೇ. ಒಟ್ಟು ಕಾರಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಅದೇ. 1973ರಲ್ಲಿ ಯಾರೋ ಒಬ್ಬ ದುಡ್ಡು ಎಣಿಸಿ, ‘ನಂಗೆ ವೇಗವೂ ಬೇಕು, ಹಿಂದೆ ಮಕ್ಕಳನ್ನ ಕೂರಿಸ್ಕೊಂಡು ಊರಿಗೂ ಹೋಗಬೇಕು’ ಅಂತ 2,500 ಮಾರ್ಕ್ ಕೊಟ್ಟಿರಬಹುದು. ಕೆಲವರು ಸನ್‌ರೂಫನ್ನೂ ಹಾಕಿಸ್ಕೊಂಡಿದ್ರು. ರೇಸ್ ಕಾರಿಗೆ ಸನ್‌ರೂಫ್! ನಗು ಬರುತ್ತೆ ನಿಜ, ಆದ್ರೆ ಆ ನಗು ಬರಿಸೋ ಸನ್‌ರೂಫೇ ಆ ಕಾರಿನ ಗುರುತು. ಅದನ್ನ ಮುಚ್ಚಿ ಬೆಸುಗೆ ಹಾಕಿ ಲೈಟ್‌ವೇಟ್ ವೇಷ ತೊಡಿಸಿದ್ರೆ, ಲೈಟ್‌ವೇಟ್ ಸಂಖ್ಯೆ 201 ಆಗಲ್ಲ. ಸನ್‌ರೂಫ್ ಇರೋ ಟೂರಿಂಗ್ ಒಂದು ಕಮ್ಮಿ ಆಗುತ್ತೆ ಅಷ್ಟೇ.

‘ಅವರ ಗಾಡಿ, ಅವರಿಷ್ಟ, ನಿಂಗೇನು?’ ಅಂತ ಕ್ಲಾಸಲ್ಲಿ ಕೇಳಿದಾರೆ, ಒಬ್ಬರಲ್ಲ, ಮೂರು ಜನ. ಒಪ್ತೀನಿ. ಮಾಡಿಫೈ ಮಾಡೋದು ತಪ್ಪು ಅಂತ ನಾನು ಯಾವತ್ತೂ ಹೇಳಿಲ್ಲ. ಟ್ರ್ಯಾಕಿಗೆ ಹೋಗೋನು ಸೀಟು ಬಿಚ್ಚಲಿ ಬಿಡಿ. ಬಿಚ್ಚಿದ್ದನ್ನ ಡಬ್ಬದಲ್ಲಿ ಹಾಕಿ, ಮೇಲೆ ತಾರೀಖು ಬರೆದು ಅಟ್ಟದ ಮೇಲೆ ಇಡಲಿ. ಮಾರುವಾಗ ‘ಇದು ಟೂರಿಂಗ್, ನಾನು ಹೀಗೆ ಮಾಡಿದೀನಿ, ಡಬ್ಬ ಇಲ್ಲಿದೆ’ ಅಂತ ಕೊಡಲಿ. ನನ್ನ ಜಗಳ ಇರೋದು ಬಿಚ್ಚಿದ ಮೇಲೆ ಬಾಯಿ ಮುಚ್ಚೋರ ಜೊತೆ.

ಇನ್ನೊಂದು ಪ್ರಶ್ನೆನೂ ಬರುತ್ತೆ ಗೊತ್ತು, ‘ಗುರು, ನಮಗೆ ಸೆಕೆಂಡ್ ಹ್ಯಾಂಡ್ ಸ್ಕೂಟರಿಗೇ ಗತಿ ಇಲ್ಲ, ಆರ್‌ಎಸ್ ಕಟ್ಕೊಂಡು ಏನ್ ಮಾಡೋಣ?’ ಸರಿ, ಪೋಲೋಗೆ ಬನ್ನಿ. ನಮ್ಮ ವಯಸ್ಸಿನೋರ ಕನಸು, ಸೆಕೆಂಡ್ ಹ್ಯಾಂಡ್ ಪೋಲೋ ಜಿಟಿ ಟಿಎಸ್‌ಐ. 2013ರಲ್ಲಿ ಇಲ್ಲಿ ಬಂದಾಗ ಅದಕ್ಕಿದ್ದಿದ್ದು 1.2 ಲೀಟರ್ ಟರ್ಬೊ ಪೆಟ್ರೋಲ್ ಇಂಜಿನ್, 7 ಸ್ಪೀಡ್ ಡಿಎಸ್‌ಜಿ ಆಟೋಮ್ಯಾಟಿಕ್ ಮಾತ್ರ. 2015ರ ಕಾರು, ಹಿಂದೆ ಹೊಳೆಯೋ ಜಿಟಿ ಟಿಎಸ್‌ಐ ಬ್ಯಾಡ್ಜ್, ಒಳಗೆ ನೋಡಿದ್ರೆ ಮೂರು ಪೆಡಲ್. ಮೂರನೇ ಪೆಡಲ್ ಕ್ಲಚ್ ಕಣ್ರೋ. ಬ್ಯಾಡ್ಜನ್ನ ಆನ್‌ಲೈನಲ್ಲಿ ತರಿಸಿ ಅಂಟಿಸಬಹುದು, ಗೇರ್‌ಬಾಕ್ಸನ್ನ ಅಂಟಿಸೋಕಾಗಲ್ಲ. ಆರ್‌ಸಿಯಲ್ಲಿ ಸಿಸಿ ನೋಡಿ, ತಯಾರಾದ ತಿಂಗಳು ನೋಡಿ, ಇಂಜಿನ್ ನಂಬರನ್ನ ಟಾರ್ಚ್ ಹಾಕಿ ಓದಿ. ಆ ವರ್ಷದ ಬ್ರೋಶರ್ ಹುಡುಕಿ, ಯಾವ ವೇರಿಯಂಟಿಗೆ ಏನು ಕೊಟ್ಟಿದ್ರು ಅಂತ ಪಕ್ಕದಲ್ಲಿ ಇಟ್ಕೊಂಡು ಟಿಕ್ ಹಾಕಿ. ಮಾರೋ ಅಣ್ಣ ‘ಏನ್ ತಮ್ಮಾ, ಸಿಬಿಐ ಥರ ಬಂದ್ಬಿಟ್ಟೆ’ ಅಂತ ನಗ್ತಾನೆ. ನಗಲಿ. ಅಪ್ಪ ಲೋನ್ ತೆಗೆದು ಕೊಡಿಸ್ತಿರೋ ಗಾಡಿ, ನಾಚ್ಕೊಂಡು ಬರೋಕೆ ಹೋಗಿದೀವಾ?

ಬೇರೆ ಯಾವ ಕಾರಿನ ಒಳಗಿನ ಫೋಟೋನಾದ್ರೂ ಇದ್ರೆ ಕಳ್ಸಿ. ಭಾಗ 8ರಲ್ಲಿ ಬಾನೆಟ್ ಒಳಗಿನ ಸ್ಟಿಕ್ಕರು, ಪ್ಲೇಟುಗಳನ್ನ ಓದೋದು ಹೇಗೆ ಅಂತ ಹಾಕ್ತೀನಿ. ಇಂಟರ್ನಲ್ಸ್ ಮುಗೀಲಿ ಮೊದ್ಲು.