ಹಾದಿಗೆ ಜಾಹೀರಾತಿಲ್ಲ

ಮೌಂಟನ್ ಬೈಕಿಂಗ್ ಬಗ್ಗೆ ಹೊಸದೊಂದು ಸ್ವತಂತ್ರ ಪತ್ರಿಕೆ, ಅದೂ ಕಾಗದದಲ್ಲಿ, ಬರುತ್ತಿದೆ ಎಂದು ಯಾರಾದರೂ ಹೇಳಿದ ದಿನ ಎರಡು ಮಾತು ಬಂದೇ ಬರುತ್ತವೆ. 'ಈ ಕಾಲದಲ್ಲಿ ಕಾಗದವೇ? ಎಲ್ಲ ಫೋನಿನಲ್ಲೇ ಪುಕ್ಕಟೆ ಸಿಗುತ್ತಲ್ಲ' ಎನ್ನುವುದು ಒಂದು. 'ಆಹಾ, ಕಾಗದದ ವಾಸನೆಯೇ ಬೇರೆ' ಎನ್ನುವುದು ಇನ್ನೊಂದು. ಮೊದಲನೆಯ ಮಾತಿಗೆ ಉತ್ತರ ಕೊಡಬಹುದು. ಎರಡನೆಯದು ಹೆಚ್ಚು ಅಪಾಯಕಾರಿ. ವಾಸನೆಗಾಗಿ ಕೊಳ್ಳುವವರು ಮೊದಲ ಸಂಚಿಕೆ ಕೊಂಡು, ಕಾಫಿ ಲೋಟದ ಪಕ್ಕ ಇಟ್ಟು, ಫೋಟೊ ತೆಗೆದು, ಮೂರನೆಯ ಸಂಚಿಕೆಯ ಹೊತ್ತಿಗೆ ಹೆಸರನ್ನೂ ಮರೆತಿರುತ್ತಾರೆ.

ಕಾಗದವೋ ಪರದೆಯೋ ಎಂಬ ಚರ್ಚೆಯೇ ದಿಕ್ಕು ತಪ್ಪಿಸುವಂಥದ್ದು. ಕೇಳಬೇಕಾದ್ದು, ಈ ಪತ್ರಿಕೆಯ ಊಟದ ಖರ್ಚು ಯಾರದು ಎಂದು. ಸೈಕಲ್ ಪತ್ರಿಕೆಗಳ ಇತಿಹಾಸದಲ್ಲಿ ಈ ಖರ್ಚನ್ನು ಬಹುಪಾಲು ಸೈಕಲ್ ಕಂಪನಿಗಳೇ ಹೊತ್ತಿವೆ. ಫ್ರೇಮ್ ಮಾಡುವವರು, ಸಸ್ಪೆನ್ಷನ್ ಮಾಡುವವರು, ಟಯರ್ ಮಾಡುವವರು ಜಾಹೀರಾತು ಕೊಡುತ್ತಾರೆ. ಅವರದೇ ಸರಕನ್ನು ಪತ್ರಿಕೆ 'ಪರೀಕ್ಷಿಸುತ್ತದೆ'. ಉಂಡ ಮನೆಯ ಗಳ ಎಣಿಸಬಾರದು ಎಂಬ ಸಂಕೋಚ ಎಂಥ ಪ್ರಾಮಾಣಿಕ ಸಂಪಾದಕನಿಗೂ ಇದ್ದೇ ಇರುತ್ತದೆ.

ಈ ಸಂಕೋಚದ ಬೆಲೆ ಎಷ್ಟು? 2010ರ ದಶಕವನ್ನು ನೆನೆದರೆ ಸಾಕು. ದಶಕಗಳಿಂದ ಇದ್ದ 26 ಇಂಚಿನ ಚಕ್ರ ಕೆಲವೇ ವರ್ಷಗಳಲ್ಲಿ ಅಂಗಡಿಗಳಿಂದ ಕಾಣೆಯಾಯಿತು; 29 ಬಂತು, ನಡುವೆ 27.5 ಬಂತು. ಹಿಂದಿನ ಹಬ್ಬಿನ ಅಗಲ 142 ಮಿಲಿಮೀಟರ್ ಇದ್ದದ್ದು 148 ಆಯಿತು. ಅಗಲದ ಹಬ್ಬಿನಿಂದ ದೊಡ್ಡ ಚಕ್ರ ಗಟ್ಟಿಯಾಗುತ್ತದೆ ಎಂಬುದು ಸುಳ್ಳಲ್ಲ. ಆದರೆ ಆ ಆರು ಮಿಲಿಮೀಟರಿನಿಂದಾಗಿ ಚೆನ್ನಾಗಿಯೇ ಇದ್ದ ಹಳೆಯ ಚಕ್ರ ಹೊಸ ಫ್ರೇಮಿಗೆ ನೇರವಾಗಿ ಕೂರದೆ ಮೂಲೆ ಸೇರಿತು. ಇಂಥ ಪ್ರತಿ ಬದಲಾವಣೆಯನ್ನೂ ಪತ್ರಿಕೆಗಳು ಹಬ್ಬದಂತೆ ಸ್ವಾಗತಿಸಿದವು. ಗೊಣಗಿದ ಅಂಕಣಕಾರರು ಇರಲಿಲ್ಲವೆಂದಲ್ಲ. ಗೊಣಗಾಟ ಕೊನೆಯ ಪುಟದಲ್ಲಿರುತ್ತಿತ್ತು, ಹೊಸ ಬೈಕು ಮುಖಪುಟದಲ್ಲಿ.

ಇದಕ್ಕಿಂತ ದೊಡ್ಡ ನಷ್ಟ ಹಾದಿಯದು. ಹಾದಿಯನ್ನು ಯಾರೂ ಮಾರುವುದಿಲ್ಲ, ಹಾಗಾಗಿ ಅದಕ್ಕೆ ಜಾಹೀರಾತುದಾರರೂ ಇಲ್ಲ. ಸೈಕಲ್ಲಿಗೆ ಆರು ಪುಟ, ಅದು ಓಡಬೇಕಾದ ನೆಲಕ್ಕೆ ಅರ್ಧ ಪುಟ. ಇಂಗ್ಲೆಂಡಿನಲ್ಲಿ 1968ರ ಕಾಯ್ದೆಯಿಂದ ಕುದುರೆ ಹಾದಿಗಳಲ್ಲಿ ಸೈಕಲ್ ತುಳಿಯುವ ಹಕ್ಕಿದೆ, ಕಾಲುಹಾದಿಗಳಲ್ಲಿ ಇಲ್ಲ. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆ ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರಿಗಾದರೂ ಹೆಚ್ಚುಕಡಿಮೆ ಇಡೀ ನಾಡನ್ನೇ ತೆರೆದಿಟ್ಟಿದೆ. ಒಂದೇ ಬೈಕು, ಒಂದೇ ಸವಾರ. ಗಡಿ ದಾಟಿದೊಡನೆ ಹಕ್ಕು ಬದಲಾಗುತ್ತದೆ. ಇದರ ಬಗ್ಗೆ ಬರೆಯಬೇಕಾದರೆ ತಿಂಗಳುಗಟ್ಟಲೆ ಕಡತ ಓದಬೇಕು, ರೈತರ ಬಳಿ, ನಡೆಯುವವರ ಬಳಿ, ಅರಣ್ಯದವರ ಬಳಿ ಕೂತು ಮಾತಾಡಬೇಕು. ಆ ಸಂಬಳವನ್ನು ಟಯರ್ ಕಂಪನಿ ಏಕೆ ಕೊಟ್ಟೀತು?

ಈ ಆಟದ ಮೊದಲ ಪತ್ರಿಕೆ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ. 1976ರಿಂದ ಅಲ್ಲಿನ ಹುಡುಗರು ಹಳೆಯ ದಪ್ಪ ಟಯರಿನ ಸೈಕಲ್ಲುಗಳನ್ನು ಹತ್ತಿ ಗುಡ್ಡದ ಮಣ್ಣುದಾರಿಯೊಂದರಲ್ಲಿ ಪಂದ್ಯ ಕಟ್ಟುತ್ತಿದ್ದರು. ಎರಡು ಮೈಲಿಯಲ್ಲಿ ಸುಮಾರು 1,300 ಅಡಿ ಇಳಿಜಾರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಹಬ್ ಬ್ರೇಕು; ಕೆಳಗೆ ತಲುಪುವಷ್ಟರಲ್ಲಿ ಒಳಗಿನ ಗ್ರೀಸ್ ಸುಟ್ಟು ಹೊಗೆ. ಪ್ರತಿ ಸಲ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಿತ್ತು, ಅದರಿಂದಲೇ ಆ ಪಂದ್ಯಕ್ಕೆ 'ರಿಪ್ಯಾಕ್' ಎಂಬ ಹೆಸರು. ಅದನ್ನು ನಡೆಸುತ್ತಿದ್ದ, ರಾಕ್ ಬ್ಯಾಂಡೊಂದರ ಸಾಮಾನು ಸಾಗಿಸುವ ಕೆಲಸ ಮಾಡಿದ್ದ ಚಾರ್ಲಿ ಕೆಲಿ, ಡೆನಿಸ್ ಕ್ಯಾರಮಾಗ್ನೊ ಜೊತೆ ಸೇರಿ 1980ರಲ್ಲಿ 'ಫ್ಯಾಟ್ ಟಯರ್ ಫ್ಲಯರ್' ತಂದ. 1987ರಲ್ಲಿ ಅದು ನಿಂತಿತು. ಅದು ಪರಿಶುದ್ಧತೆಯ ಕಥೆಯೇನಲ್ಲ: ಕೆಲಿ ಸ್ವತಃ ಗ್ಯಾರಿ ಫಿಶರ್ ಜೊತೆ 1979ರಲ್ಲಿ ಸೈಕಲ್ ಮಾರುವ ಕಂಪನಿ ತೆರೆದವನು. ಆದರೂ ಪತ್ರಿಕೆ ಸವಾರರ ಕೈಯಲ್ಲಿತ್ತು. ಅದೇ ದಶಕದಲ್ಲಿ, ಆಟ ಹುಟ್ಟಿದ ಆ ಬೆಟ್ಟದ ಸುತ್ತಲಿನ ಕಿರುಹಾದಿಗಳೇ ಸೈಕಲ್ಲಿಗೆ ಮುಚ್ಚಿಹೋದವು. ಹಾದಿಯ ಸುದ್ದಿ ಎಷ್ಟು ಬೇಗ ಬೇಕಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮುಂದೆ ಪತ್ರಿಕೆಗಳು ಕೈಯಿಂದ ಕೈಗೆ ಮಾರಾಟವಾದವು. ಅಮೆರಿಕದ 'ಬೈಕ್' ಹಲವು ಒಡೆಯರನ್ನು ಕಂಡು, 2020ರ ಕೊನೆಗೆ ಮಾಲೀಕ ಕಂಪನಿಯೊಂದರ ಒಂದು ನಿರ್ಧಾರದಲ್ಲಿ ನಿಂತುಹೋಯಿತು. ಅದರ ಹಿಂದುಮುಂದೆಯೇ 1960ರಿಂದ ಬರುತ್ತಿದ್ದ 'ಸರ್ಫರ್' ಕೂಡ. ಅದೇ ವರ್ಷ, 1989ರಿಂದ ಪಿಟ್ಸ್‌ಬರ್ಗಿನಿಂದ ಬರುತ್ತಿದ್ದ 'ಡರ್ಟ್ ರ‍್ಯಾಗ್' ಕೂಡ ನಿಂತಿತ್ತು. ಅದು ಸ್ವತಂತ್ರವೇ ಆಗಿತ್ತು. ಸ್ವತಂತ್ರವಾದ್ದು ಸಾಯುವುದಿಲ್ಲ ಎಂದು ಭಾವಿಸುವವರು ಈ ಹೆಸರನ್ನು ಬರೆದಿಟ್ಟುಕೊಳ್ಳಲಿ.

'ಎಲ್ಲ ಪುಕ್ಕಟೆ ಸಿಗುತ್ತಲ್ಲ' ಎಂಬವರಿಗೆ ಉತ್ತರ ಟ್ರೇಲ್‌ಫೋರ್ಕ್ಸ್. ಜಗತ್ತಿನಾದ್ಯಂತ ಸವಾರರು ತಮ್ಮೂರಿನ ಹಾದಿಗಳನ್ನು ತಾವೇ ಅಳೆದು, ಗುರುತಿಸಿ, ಸಂಬಳವಿಲ್ಲದೆ ತುಂಬಿದ ನಕ್ಷೆ ಅದು. 2021ರಲ್ಲಿ 'ಔಟ್‌ಸೈಡ್' ಕಂಪನಿ ಪಿಂಕ್‌ಬೈಕ್ ಜೊತೆಗೆ ಅದನ್ನೂ ಕೊಂಡಿತು. ಅದೇ ವರ್ಷ ಫೋನಿನಲ್ಲಿ ಒಂದು ಸೀಮಿತ ಪ್ರದೇಶದಾಚೆಯ ನಕ್ಷೆಗೆ ದುಡ್ಡು ಕೊಡಬೇಕಾಯಿತು. ತಾವೇ ಬಡಿಸಿದ ಊಟಕ್ಕೆ ತಾವೇ ಬಿಲ್ಲು ಕಟ್ಟಿದಂತಾಯಿತು.

ಕನ್ನಡದಲ್ಲಿ ಪತ್ರಿಕೆಗೆ ಕಟ್ಟುವ ಹಣಕ್ಕೆ 'ಚಂದಾ' ಎನ್ನುತ್ತಾರೆ. ಫಾರ್ಸಿಯಿಂದ ಬಂದ ಪದ. ದೆಹಲಿ, ಹೈದರಾಬಾದುಗಳಲ್ಲಿರುವವರಿಗೆ ಅದರ ಇನ್ನೊಂದು ಅರ್ಥವೂ ಗೊತ್ತು: ಊರ ಕೆಲಸಕ್ಕೆ ಮನೆಮನೆಯಿಂದ ಎತ್ತುವ ವಂತಿಗೆ. ಚಂದಾದಾರ ಎಂದರೆ ವಂತಿಗೆದಾರ. ಗ್ರಾಹಕನಿಗೆ ಸರಕು ಹಿಡಿಸದಿದ್ದರೆ ಬೇರೆ ಅಂಗಡಿ. ವಂತಿಗೆದಾರನಿಗೆ ಲೆಕ್ಕ ಕೇಳುವ ಹಕ್ಕಿದೆ, ಮುಂದಿನ ವರ್ಷವೂ ಕೊಡುವ ಹೊಣೆಯಿದೆ. 'ಫ್ಯಾಟ್ ಟಯರ್ ಫ್ಲಯರ್' ಹುಟ್ಟಿದ ಅದೇ 1980ರಲ್ಲಿ ಬೆಂಗಳೂರಿನಲ್ಲಿ ಲಂಕೇಶರು ಜಾಹೀರಾತೇ ಇಲ್ಲದ ವಾರಪತ್ರಿಕೆ ಶುರುಮಾಡಿದ್ದರು. ಅದು ನಡೆದದ್ದು ವಾರವಾರ ಜನ ಜೇಬಿಗೆ ಕೈ ಹಾಕಿದ್ದರಿಂದ.

ಹಾಗೆಂದು ಪತ್ರಿಕೆ ತರುವವರೂ ಸಾಚಾಗಳಲ್ಲ. 'ಸ್ವತಂತ್ರ' ಎಂದು ಮುಖಪುಟದಲ್ಲಿ ಅಚ್ಚು ಹಾಕುವವರು ಎಷ್ಟು ಪ್ರತಿ ಮಾರಿದೆ, ಜಾಹೀರಾತಿನ ಪಾಲೆಷ್ಟು, ಪರೀಕ್ಷೆಗೆ ಬಂದ ಬೈಕು ವಾಪಸು ಹೋಯಿತೇ ಎಂದು ಒಳಪುಟದಲ್ಲಿ ಹೇಳುವುದಿಲ್ಲ. ಬರಹಗಾರರಿಗೆ 'ಹೆಸರು ಬರುತ್ತದೆ' ಎಂದು ಪುಕ್ಕಟೆ ಬರೆಸುವವರು ಇನ್ನೂ ಕೆಟ್ಟವರು. ಓದುಗರಿಂದ ದುಡ್ಡು ಕೇಳುವ ಬಾಯಿಗೆ ಆ ಮಾತು ಒಪ್ಪುವುದಿಲ್ಲ. ಜೊತೆಗೆ ಅಂಗಡಿಯ ಕಪಾಟಿನ ಮೋಹ ಬೇರೆ. ಹತ್ತು ಪೌಂಡಿನ ಪತ್ರಿಕೆಯಲ್ಲಿ ಅಂಗಡಿಗೂ ವಿತರಕರಿಗೂ ಸುಮಾರು ಅರ್ಧ ಹೋಗುತ್ತದೆ ಎಂದಿಟ್ಟುಕೊಳ್ಳಿ. ನೂರು ಪ್ರತಿ ಕಳಿಸಿ ನಲವತ್ತು ಮಾರಿದರೆ ಕೈಗೆ ಬರುವುದು ಇನ್ನೂರು ಪೌಂಡ್, ಅದೂ ತಿಂಗಳುಗಳ ಮೇಲೆ. ಉಳಿದ ಅರವತ್ತು ಪ್ರತಿ ರದ್ದಿಗೆ. ನೂರಕ್ಕೂ ಅಚ್ಚಿನ ಖರ್ಚು ಆಗಲೇ ಮುಗಿದಿದೆ. ಅದೇ ನಲವತ್ತು ಜನ ಮೊದಲೇ ಚಂದಾ ಕಟ್ಟಿದ್ದರೆ ಅಚ್ಚಾಗಬೇಕಾದ್ದು ನಲವತ್ತೇ ಪ್ರತಿ, ಕೈಯಲ್ಲಿ ನಾನೂರು ಪೌಂಡ್, ಮೇಲೆ ಅಂಚೆ ಖರ್ಚು.

ಒಂದು ಒಳ್ಳೆಯ ಮೌಂಟನ್ ಬೈಕ್ ಟಯರಿಗೆ ಐವತ್ತು ಪೌಂಡಿನ ಮೇಲಾಗುತ್ತದೆ. ಕಲ್ಲುಹಾದಿಯಲ್ಲಿ ಒಂದೆರಡು ಋತುವಿನಲ್ಲಿ ಸವೆಯುತ್ತದೆ, ಯಾರೂ ಗೊಣಗದೆ ಮತ್ತೊಂದು ಕೊಳ್ಳುತ್ತಾರೆ. ವರ್ಷಕ್ಕೆ ನಾಲ್ಕು ಸಂಚಿಕೆಗೆ ನಲವತ್ತು ಪೌಂಡ್ ಎಂದರೆ ಮಾತ್ರ ಅವರಿಗೆ ಫೋನು ನೆನಪಾಗುತ್ತದೆ.