ಹುಣ್ಣಿಗೆ ಸೊಸೆಯೇ ಹೊಣೆಯೇ?

ಸಿರುಗುಪ್ಪ ತಾಲ್ಲೂಕಿನ ರಾರಾವಿಯಲ್ಲಿ ನಮ್ಮತ್ತೆಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಆಸ್ಪತ್ರೆಯವರು ಮಾತ್ರೆ ಚೀಟಿ ಕೊಟ್ಟು ಮನೆಗೆ ಕಳಿಸಿದರು. ಮಗ್ಗುಲು ಹೊರಳಿಸುವುದನ್ನು ಯಾರೂ ಹೇಳಿಕೊಡಲಿಲ್ಲ. ಮೂರನೇ ವಾರ ಟೊಂಕದ ಕೆಳಗೆ ಹುಣ್ಣಾಯಿತು. ನೋಡಲು ಬಂದವರು ಮೂಗಿಗೆ ಸೆರಗು ಹಿಡಿದು, "ಸೊಸೆ ನೆಟ್ಟಗೆ ನೋಡಿಕೊಂಡಿಲ್ಲ" ಎಂದರು. ಕೆಲವರು ಕರ್ಮ ಎಂದರು.

ಕರ್ಮವಲ್ಲ. ಅಲುಗಾಡದ ಮೈಯ ಭಾರ ಒಂದೇ ಕಡೆ ಬಿದ್ದರೆ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯದು. ಒದ್ದೆಯಿದ್ದರೆ ಬೇಗ ಕೆಡುತ್ತದೆ. ಬೆರಳಿಂದ ಒತ್ತಿದರೂ ಮಾಯವಾಗದ ಕೆಂಪು ಮೊದಲ ಸೂಚನೆ. ಮೈಬಣ್ಣ ಕಪ್ಪಾಗಿದ್ದರೆ ಕೆಂಪು ಕಾಣದು. ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬಾರದು. ಹಿಮ್ಮಡಿ ತಾಗದಂತೆ ಮೀನಖಂಡದಡಿ ದಿಂಬಿಡಬೇಕು. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು.

ಲೆಕ್ಕ ಹಾಕಿ ಅಕ್ಕಂದಿರೇ, ದಿನಕ್ಕೆ 12 ಸಲ! ಭತ್ತದ ನಾಟಿ, ಒಲೆ, ನೀರು, ಮಕ್ಕಳ ನಡುವೆ ಒಬ್ಬಳಿಂದ ಆದೀತೆ? ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದ ಗಂಡುಮಕ್ಕಳ ಕೈಗೇನಾಗಿತ್ತು? ಹೆತ್ತವಳ ಮೈ ಮುಟ್ಟಲು ಸಂಕೋಚವಂತೆ! ರಾತ್ರಿಯ ಸರದಿ ಅವರು ಹೊರಲಿ. ಹೊರಳಿಸುವುದನ್ನು ಕಲಿಸದೆ ಯಾವ ಆಸ್ಪತ್ರೆಯೂ ರೋಗಿಯನ್ನು ಮನೆಗೆ ಕಳಿಸದಿರಲಿ. ಸೊಸೆಯತ್ತ ಬೆರಳು ತೋರಿಸುವವರು ಮೊದಲು ಒಂದು ರಾತ್ರಿ ಆ ಹಾಸಿಗೆಯ ಪಕ್ಕ ಕೂರಲಿ.