ವೈನ್ ಬಂದರೆ ಸಾಸಿವೆ ಯಾಕೆ ಒಳಗೆ ಹೋಗಬೇಕು?

ಪುಣೆಯ ನಮ್ಮ ಕನ್ನಡಿಗರ ಮನೆಗಳಲ್ಲಿ ಈಗೊಂದು ಹೊಸ ಮಡಿ ಶುರುವಾಗಿದೆ. ಮೇಜಿನ ಮೇಲೆ ವೈನ್ ಬಾಟಲಿ ಬಂತೋ, ಊರಿನ ಅಡುಗೆ ಅಡುಗೆಮನೆಯಿಂದ ಹೊರಗೆ ಬರಕೂಡದು! ಮೇ ತಿಂಗಳ ಕೊನೆಗೆ ಮಂಡಈ ಮಾರುಕಟ್ಟೆಯಲ್ಲಿ ಮಾವಿನಕಾಯಿ, ಬಲಿತ ಹಲಸು, ಎಳೆ ಸೌತೆಕಾಯಿ ರಾಶಿ ಬಿದ್ದಿರುತ್ತವೆ. ಮನೆಯವರೆಲ್ಲ ಅದನ್ನೇ ಚಪ್ಪರಿಸಿ ತಿನ್ನುತ್ತಾರೆ. ಆದರೆ ನೆಂಟರು, ಸ್ನೇಹಿತರು ಬಂದ ಸಂಜೆ ತಟ್ಟೆಗೆ ಬೀಳುವುದು ಹೊರಗಿನಿಂದ ತರಿಸಿದ ಪಾಸ್ತಾ ಮತ್ತು ಚೀಸ್ ತುಂಡು. ಕೇಳಿದರೆ, "ಅಲ್ರೀ, ವೈನ್ ಜೊತೆ ಚಿತ್ರಾನ್ನಾನಾ?" ಅಂತ ನಗು.

ಹೌದು, ಚಿತ್ರಾನ್ನವೇ. ಮಾವಿನಕಾಯಿ ಚಿತ್ರಾನ್ನಕ್ಕೆ ತಣ್ಣಗಿನ ಸೋವಿನ್ಯೋನ್ ಬ್ಲಾಂಕ್ ಕೊಟ್ಟು ನೋಡಿ. ಊಟದ ಹುಳಿ ವೈನಿನ ಹುಳಿಗಿಂತ ಹೆಚ್ಚಾದರೆ ವೈನ್ ಸಪ್ಪೆಯಾಗುತ್ತದೆ; ಈ ಬಿಳಿ ವೈನಿಗೆ ಎದುರು ನಿಲ್ಲುವಷ್ಟು ಹುಳಿ ಇದೆ. ನಮ್ಮ ಮಲೆನಾಡಿನ ಮಾವಿನಹಣ್ಣಿನ ಸಾಸಿವೆ ತಗೊಳ್ಳಿ. ಹಣ್ಣು ಹಿಸುಕಿ, ತೆಂಗಿನತುರಿ, ಹಸಿ ಸಾಸಿವೆ, ಒಣಮೆಣಸು ರುಬ್ಬಿ ಹಾಕಿ, ಹುಳಿಗೆ ತಕ್ಕಷ್ಟು ಬೆಲ್ಲ ಸೇರಿಸಿದರೆ ಆಯಿತು. ಇದಕ್ಕೆ ತುಸು ಸಿಹಿ ಉಳಿಸಿಕೊಂಡ ಶೆನಿನ್ ಬ್ಲಾಂಕ್ ಒಳ್ಳೆಯ ಜೋಡಿ. ಖಾರದ ಉರಿಯನ್ನು ಸಿಹಿ ತಣಿಸುತ್ತದೆ. ಗೊಜ್ಜಿಗೆ ಬೆಲ್ಲದ ಚೂರು ಹಾಕುವ ಅಜ್ಜಿಗೆ ಇದನ್ನು ಯಾವ ತಜ್ಞ ಕಲಿಸಬೇಕು? ಹಲಸಿನಕಾಯಿ ಪಲ್ಯಕ್ಕೆ ರೋಸೆ ಸಾಕು. ಒಗರು ಜಾಸ್ತಿಯಿರುವ ಕೆಂಪು ವೈನ್ ಮಾತ್ರ ಬೇಡ. ಮೆಣಸಿನ ಜೊತೆ ಅದು ಇನ್ನೂ ಕಹಿಯಾಗಿ ಗಂಟಲು ಸುಡುತ್ತದೆ. ಎಲ್ಲದಕ್ಕೂ ಕೆಂಪು ವೈನನ್ನೇ ಸುರಿದು, "ನಮ್ಮ ಅಡುಗೆಗೆ ವೈನ್ ಹೊಂದಲ್ಲ" ಅನ್ನುವುದು ಯಾವ ನ್ಯಾಯ?

ಎಲ್ಲಕ್ಕೂ ವೈನ್ ಹೊಂದುತ್ತದೆ ಅಂತ ನಾನು ಹೇಳುತ್ತಿಲ್ಲ. ಕುದಿಯುವ ಸಾರಿಗೆ ಬೇಡ, ಪಾಯಸಕ್ಕೂ ಬೇಡ. ಕುಡಿಯದವರ ಕೈಗೆ ಪಾನಕ ಕೊಡಿ, ಅಷ್ಟೇ ಮರ್ಯಾದೆಯಿಂದ ಕೊಡಿ.

"ವೈನ್ ನಮ್ಮದಲ್ಲ, ಪರದೇಶದ್ದು" ಅನ್ನುವವರಿಗೂ ಒಂದು ಮಾತು. ನಾಸಿಕ್ ಇಲ್ಲಿಂದ ಸುಮಾರು 200 ಕಿ.ಮೀ. ನಂದಿಬೆಟ್ಟದ ತಪ್ಪಲಲ್ಲಿ ವೈನ್ ದ್ರಾಕ್ಷಿಯ ಕೆಲಸ 1980ರ ದಶಕದಲ್ಲೇ ಶುರುವಾಯಿತು. ಮಹಾರಾಷ್ಟ್ರ 2001ರಲ್ಲಿ, ಕರ್ನಾಟಕ 2007ರಲ್ಲಿ ವೈನಿಗೆಂದೇ ನೀತಿ ತಂದವು. ಅಷ್ಟಕ್ಕೂ ಚಿತ್ರಾನ್ನದ ಮೆಣಸಿನಕಾಯಿ ಎಲ್ಲಿಯದು ಸ್ವಾಮಿ? ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ಅದನ್ನು ನಮ್ಮದು ಮಾಡಿಕೊಂಡ ಜನ, ಇಲ್ಲೇ ಬೆಳೆಯುವ ದ್ರಾಕ್ಷಿಗೆ ಯಾಕೆ ಹೆದರಬೇಕು?

ನನ್ನ ಸಿಟ್ಟು ವೈನಿನ ಮೇಲಲ್ಲ, ಈ ನಾಚಿಕೆಯ ಮೇಲೆ. ಹೊರನಾಡಿನಲ್ಲಿ ಹುಟ್ಟಿದ ಮಕ್ಕಳು ಎಲ್ಲವನ್ನೂ ನೋಡುತ್ತಿರುತ್ತವೆ. ಅತಿಥಿ ಬಂದಾಗ ಅಮ್ಮನ ಅಡುಗೆ ಮುಚ್ಚಿಡುವಂಥದ್ದು ಅಂತ ಒಮ್ಮೆ ಕಲಿತವು, ಮುಂದೆ ಅಮ್ಮನ ಮಾತನ್ನೂ ಹಾಗೇ ಮುಚ್ಚಿಡುತ್ತವೆ. ಎಷ್ಟೋ ಮನೆಗಳಲ್ಲಿ ಕನ್ನಡ ಆಗಲೇ ಅಡುಗೆಮನೆಯ ಭಾಷೆಯಾಗಿ ಕೂತಿದೆ. ಹಾಲಿಗೆ ಬಂದರೆ ಇಂಗ್ಲಿಷ್, ಹಿಂದಿ.

ಈ ಬೇಸಿಗೆ ಮುಗಿಯುವ ಮೊದಲು, ಮಾವು ಇನ್ನೂ ಸಿಗುವಾಗಲೇ, ನಾಲ್ಕು ಜನರನ್ನು ಊಟಕ್ಕೆ ಕರೆಯಿರಿ. ಬಾಟಲಿ ಇಡುತ್ತೀರೋ ಬಿಡುತ್ತೀರೋ ನಿಮ್ಮಿಷ್ಟ. ಸಾಸಿವೆಯ ಪಾತ್ರೆಯನ್ನಂತೂ ಮೇಜಿನ ನಟ್ಟನಡುವೆ ಇಡಿ. ಅದೇನು ಅಂತ ಯಾರಾದರೂ ಕೇಳಿದರೆ, ಅದರ ಹೆಸರನ್ನು ಕನ್ನಡದಲ್ಲೇ ಹೇಳಿ.